ನರಸಿಂಹರಾಜು ಮತ್ತು ನಮ್ಮಪ್ಪನ ನಗು

ನಿನ್ನೆ ರಾತ್ರಿ ಡೊಂಬಿವಲಿಯ ನಮ್ಮ ಮನೆಯಲ್ಲಿ ಅಪ್ಪ ಬೆಳ್ಳುಳ್ಳಿ ಸುಲಿಯುತ್ತಾ ಕೂತಿದ್ದರು. ಸುಮ್ನೆ ಮೊಬೈಲಿನಲ್ಲಿ 1965ರ 'ಸತ್ಯ ಹರಿಶ್ಚಂದ್ರ' ಹಾಕಿದೆ. ನಕ್ಷತ್ರಿಕನಾಗಿ ಹಾಸ್ಯನಟ ನರಸಿಂಹರಾಜು ಬಂದರು ನೋಡಿ, ಅಪ್ಪನ ಕೈ ನಿಂತೇಹೋಯಿತು. ಬೆಳ್ಳುಳ್ಳಿ ಎಸಳು ಹಿಡಿದುಕೊಂಡೇ ನಕ್ಕರು. ಅಮ್ಮ ಹೋದಮೇಲೆ ಅವರು ಹಾಗೆ ನಕ್ಕಿದ್ದು ನಾನು ನೋಡಿರಲಿಲ್ಲ.

ತಿಪಟೂರಿನ ಈ ಮನುಷ್ಯ ಚಿಕ್ಕ ವಯಸ್ಸಿಗೇ ನಾಟಕ ಕಂಪನಿ ಸೇರಿದವರು. 1954ರಲ್ಲಿ 'ಬೇಡರ ಕಣ್ಣಪ್ಪ'ದಿಂದ ಸಿನಿಮಾಕ್ಕೆ ಬಂದರು. ರಾಜ್‌ಕುಮಾರ್ ನಾಯಕರಾಗಿದ್ದೂ ಅದರಲ್ಲೇ ಅಲ್ವಾ. ಸಣಕಲು ಮೈ, ಉಬ್ಬು ಹಲ್ಲು. ಮಾತು ಶುರುವಾಗುವ ಮೊದಲೇ ಮುಖ ಅರ್ಧ ಕೆಲಸ ಮುಗಿಸಿರುತ್ತಿತ್ತು. ಆ ಚುರುಕು ರಂಗದ ಮೇಲೆ ಪಳಗಿದವರಿಗೇ ಬರುವಂಥದ್ದು ಅಂತ ನನ್ನ ನಂಬಿಕೆ. 1979ರಲ್ಲಿ ಹೋಗಿಬಿಟ್ಟರು. 60 ಕೂಡ ತುಂಬಿರಲಿಲ್ಲ.

ಸಾಲ ವಸೂಲಿಗೆ ಹರಿಶ್ಚಂದ್ರನ ಬೆನ್ನು ಬಿದ್ದವನು ನಕ್ಷತ್ರಿಕ. ನಮಗೆ ಕೋಪ ಬರಬೇಕಾದ ಪಾತ್ರ ಅದು. ಆದರೂ ಅವನು ಮತ್ತೆ ಯಾವಾಗ ಬರ್ತಾನೆ ಅಂತ ಕಾಯುತ್ತೇವೆ.

ಅಪ್ಪ ಊರಿನ ಟೆಂಟಿನಲ್ಲಿ ನೆಲದ ಮೇಲೆ ಕೂತು ಈ ಸಿನಿಮಾ ನೋಡಿದ್ದರಂತೆ. ಪಕ್ಕದಲ್ಲಿ ಅಜ್ಜಿ, ಮಡಿಲಲ್ಲಿ ಹುರಿದ ಕಡಲೆಕಾಯಿ. ಅದನ್ನು ಹೇಳುತ್ತಾ, "ಇನ್ನೊಂದು ಸಲ ಹಾಕು ಮಗಾ" ಅಂದರು. ಹಾಕಿದೆ.