ಖಾಲಿ ಬಿಟ್ಟ ಕಾಲಂಗೆ ಸೊನ್ನೆ ತುಂಬಬೇಡಿ: 1946ರ ಬಾಕ್ಸ್ ಸ್ಕೋರ್ ಕಲಿಸಿದ್ದು

ಹಳೆಯ ಬಾಸ್ಕೆಟ್‌ಬಾಲ್ ಬಾಕ್ಸ್ ಸ್ಕೋರ್‌ಗಳ (ಪಂದ್ಯದ ಆಟಗಾರವಾರು ಅಂಕಿಪಟ್ಟಿ) ಡೇಟಾ ರಿಲೀಸ್‌ಗೆ ಇನ್ನು ಅರ್ಧ ಗಂಟೆ ಇದೆ ಅನ್ನುವಾಗ ವ್ಯಾಲಿಡೇಟರ್, ಅಂದರೆ ತಪ್ಪು ಹುಡುಕುವ ಪ್ರೋಗ್ರಾಂ, ಒಂದು ಸಾಲನ್ನು ಕೆಂಪು ಮಾಡಿತು. ಎಡ್ ಸಡೋವ್‌ಸ್ಕಿ: 18 ಪಾಯಿಂಟ್, 0 ನಿಮಿಷ, 0 ರೀಬೌಂಡ್ (ಗುರಿ ತಪ್ಪಿ ಮರಳಿದ ಚೆಂಡು ಹಿಡಿದದ್ದು). ಕಣಕ್ಕೇ ಇಳಿಯದವನ ಹೆಸರಲ್ಲಿ 18 ಪಾಯಿಂಟ್ ಎಲ್ಲಿಂದ ಬಂತು? ಪಾಯಿಂಟ್ ಎಂಟ್ರಿಯೇ ತಪ್ಪಿರಬೇಕು ಅಂದುಕೊಂಡು ಕ್ಯೂಸಿಯವರು (ಗುಣಮಟ್ಟ ಪರೀಕ್ಷಿಸುವವರು) ಸಾಲನ್ನು ಹೋಲ್ಡ್‌ಗೆ ಹಾಕಿದರು. ಇದ್ದ ಸಮಯವೆಲ್ಲ ಸ್ಕ್ಯಾನ್ ದೊಡ್ಡದು ಮಾಡಿ ಆ ಅಂಕಿಯನ್ನು ಮತ್ತೆ ಮತ್ತೆ ಓದುವುದರಲ್ಲೇ ಕಳೆಯಿತು. 18 ಸರಿಯಾಗಿಯೇ ಇತ್ತು. ಪಕ್ಕದ ಎರಡು ಸೊನ್ನೆಗಳು ಮೂಲದಲ್ಲಿ ಇರಲೇ ಇಲ್ಲ. ಖಾಲಿ ಇದ್ದ ಜಾಗಕ್ಕೆ ಡೇಟಾ ಒಳತರುವ ಇಂಪೋರ್ಟರ್ ಪ್ರೋಗ್ರಾಂ ತಾನಾಗಿ ತುಂಬಿದ್ದವು ಅವು.

ಪಂದ್ಯ ಸಾಮಾನ್ಯದ್ದಲ್ಲ. 1946ರ ನವೆಂಬರ್ 1ರಂದು ಟೊರಾಂಟೊದ ಮೇಪಲ್ ಲೀಫ್ ಗಾರ್ಡನ್ಸ್‌ನಲ್ಲಿ ನಡೆದ ಬಿಎಎ (ಬಾಸ್ಕೆಟ್‌ಬಾಲ್ ಅಸೋಸಿಯೇಷನ್ ಆಫ್ ಅಮೆರಿಕ) ಲೀಗ್‌ನ ಮೊದಲ ಪಂದ್ಯ. ನ್ಯೂಯಾರ್ಕ್ ನಿಕರ್‌ಬಾಕರ್ಸ್ 68, ಟೊರಾಂಟೊ ಹಸ್ಕೀಸ್ 66. 1949ರಲ್ಲಿ ಬಿಎಎ ಮತ್ತು ಎನ್‌ಬಿಎಲ್ (ನ್ಯಾಷನಲ್ ಬಾಸ್ಕೆಟ್‌ಬಾಲ್ ಲೀಗ್) ಒಂದಾಗಿ ಎನ್‌ಬಿಎ ಆದದ್ದರಿಂದ ಎನ್‌ಬಿಎ ಇದನ್ನೇ ತನ್ನ ಮೊದಲ ಪಂದ್ಯವೆಂದು ಲೆಕ್ಕಕ್ಕೆ ಹಿಡಿಯುತ್ತದೆ. ಮೊದಲ ಬಾಸ್ಕೆಟ್ ಆಸ್ಸಿ ಶೆಕ್ಟ್‌ಮನ್‌ನದು. ಅವನ ಒಟ್ಟು 11. ನಿಕ್ಸ್ (ನಿಕರ್‌ಬಾಕರ್ಸ್) ಪರ ಹೆಚ್ಚು ಹೊಡೆದವನು ಲಿಯೋ ಗಾಟ್ಲೀಬ್, 14. ಪಂದ್ಯದಲ್ಲೇ ಹೆಚ್ಚು ಹಸ್ಕೀಸ್‌ನ ಸಡೋವ್‌ಸ್ಕಿಯ 18, ಅದೂ ದ್ವಿತೀಯಾರ್ಧ ಶುರುವಾದ ಸ್ವಲ್ಪ ಹೊತ್ತಿಗೇ ಫೌಲ್ ಔಟ್ ಆಗಿ (ಫೌಲ್‌ಗಳ ಮಿತಿ ಮುಗಿದು) ಬೆಂಚಿಗೆ ಹೋಗಿಯೂ. ಅರ್ಧ ಪಂದ್ಯಕ್ಕಿಂತ ತುಸು ಹೆಚ್ಚು ಆಡಿ 18 ಗಳಿಸಿದ್ದು ದೊಡ್ಡ ಸಾಧನೆ. ಆದರೆ ಅದನ್ನು ತೋರಿಸಬೇಕಾದ ನಿಮಿಷದ ಕಾಲಂ ಆಗ ಇರಲಿಲ್ಲ.

ಹಳೆಯ ಶೀಟ್ ಮುಟ್ಟುವವರ ಮೇಜಿನ ಮೇಲೆ ಈ ಇಸವಿಗಳು ಇರಲೇಬೇಕು. ರೀಬೌಂಡ್ ಲೆಕ್ಕ ಶುರುವಾದದ್ದು 1950-51ರಲ್ಲಿ. ನಿಮಿಷ 1951-52ರಲ್ಲಿ. ಸ್ಟೀಲ್, ಬ್ಲಾಕ್, ಜೊತೆಗೆ ರೀಬೌಂಡನ್ನು ಆಫೆನ್ಸಿವ್, ಡಿಫೆನ್ಸಿವ್ ಎಂದು ಒಡೆದದ್ದು 1973-74ರಲ್ಲಿ. ಆಟಗಾರರ ಟರ್ನೋವರ್ 1977-78ರಲ್ಲಿ, ಮೂರು ಪಾಯಿಂಟ್ ಗೆರೆ 1979-80ರಲ್ಲಿ. ಆಯಾ ಇಸವಿಗೂ ಹಿಂದಿನ ಸೀಸನ್‌ನಲ್ಲಿ ಆ ಕಾಲಂ ನಲ್ (ಅಂದರೆ ಖಾಲಿ) ಆಗಿರಬೇಕೇ ಹೊರತು ಸೊನ್ನೆ ಆಗಬಾರದು.

ಒಂದೇ ಪಂದ್ಯದ ಹಾಳೆಯಲ್ಲಿ ಈ ಸೊನ್ನೆ ಕಣ್ಣಿಗೆ ಹೊಡೆಯುತ್ತದೆ, ಹಿಡಿಯಬಹುದು. ವೃತ್ತಿಜೀವನದ ಸರಾಸರಿಗೆ ಹೋದಾಗ ಸದ್ದಿಲ್ಲದೆ ಒಳಗೆ ಸೇರಿಬಿಡುತ್ತದೆ. ಮಿನಿಯಾಪೊಲಿಸ್ ಲೇಕರ್ಸ್ ಆಟಗಾರ ಜಾರ್ಜ್ ಮೈಕನ್‌ನನ್ನೇ ನೋಡಿ. 1948-49ರಿಂದ ಲೆಕ್ಕ ಹಿಡಿದರೆ 439 ಪಂದ್ಯ, 4,167 ರೀಬೌಂಡ್. ಭಾಗಿಸಿದರೆ 9.5 ಬರುತ್ತದೆ. ಮೊದಲ ಎರಡು ಸೀಸನ್‌ನ 60 ಮತ್ತು 68 ಪಂದ್ಯಗಳಲ್ಲಿ ರೀಬೌಂಡ್ ಬರೆದಿಟ್ಟೇ ಇಲ್ಲ. ಅವನ್ನು ಕಳೆದರೆ 311 ಪಂದ್ಯ, ಸರಾಸರಿ 13.4. ಇದೇ ಸರಿಯಾದದ್ದು. 9.5 ಅಸಂಭವ ಅಂಕಿಯೇನಲ್ಲ, ಆದ್ದರಿಂದ ಯಾವ ರೇಂಜ್ ಚೆಕ್ಕೂ (ಅಂಕಿ ಮಿತಿಯೊಳಗಿದೆಯೇ ಎಂಬ ಪರೀಕ್ಷೆ) ಅದನ್ನು ಹಿಡಿಯುವುದಿಲ್ಲ. ಪ್ರತಿ ಕಾಲಂಗೂ ಅದರದೇ ಛೇದ ಬೇಕು: ಆಡಿದ ಪಂದ್ಯಗಳಲ್ಲ, ಆ ಅಂಕಿ ದಾಖಲಾದ ಪಂದ್ಯಗಳು.

ರೇಂಜ್ ಚೆಕ್ಕಿನ ಇನ್ನೊಂದು ಕಾಟ, ಈಗಿನ ಆಟದ ಅಳತೆಯಲ್ಲಿ ಆಗಿನದನ್ನು ತೂಗುವುದು. 1946-47ರ ಟಾಪ್ ಸ್ಕೋರರ್ ಜೋ ಫಲ್ಕ್ಸ್: 60 ಪಂದ್ಯ, 1,557 ಯತ್ನಕ್ಕೆ 475 ಫೀಲ್ಡ್ ಗೋಲ್ (ಆಟದ ನಡುವೆ ಹಾಕಿದ ಬುಟ್ಟಿ), 439 ಫ್ರೀ ಥ್ರೋ (ಫೌಲ್‌ಗೆ ಸಿಗುವ ಎಸೆತ), 1,389 ಪಾಯಿಂಟ್. ಗುರಿ ಮುಟ್ಟಿದ ಯತ್ನ ಶೇ. 30.5. ಲೀಗಿನಲ್ಲೇ ಉತ್ತಮ ಗುರಿ ಎನಿಸಿದ ಬಾಬ್ ಫೀರಿಕ್‌ನದೇ ಶೇ. 40.1. ನಮ್ಮ ವ್ಯಾಲಿಡೇಟರ್‌ಗೆ ಫಲ್ಕ್ಸ್ ಅನುಮಾನಾಸ್ಪದ. 1950ರ ನವೆಂಬರ್ 22ರಂದು ಫೋರ್ಟ್ ವೇಯ್ನ್ ಪಿಸ್ಟನ್ಸ್ ಮಿನಿಯಾಪೊಲಿಸ್ ಲೇಕರ್ಸನ್ನು 19-18ರಿಂದ ಸೋಲಿಸಿದ ಪಂದ್ಯವಂತೂ ಅದರ ಪ್ರಕಾರ ನಡೆದೇ ಇಲ್ಲ. ಆ 18ರಲ್ಲಿ 15 ಮೈಕನ್ ಒಬ್ಬನದೇ. 24 ಸೆಕೆಂಡಿನೊಳಗೆ ಬುಟ್ಟಿಗೆ ಎಸೆಯಬೇಕೆಂಬ ಶಾಟ್ ಕ್ಲಾಕ್ ಬಂದದ್ದು 1954-55ರಲ್ಲಿ. ಅಲ್ಲಿಯವರೆಗೆ ಚೆಂಡು ಕೈಯಲ್ಲಿಟ್ಟುಕೊಂಡು ನಿಂತರೆ ಕೇಳುವವರಿರಲಿಲ್ಲ. ಮಿತಿಗಳನ್ನು ಸೀಸನ್‌ವಾರು ಇಡದೆ ಬೇರೆ ದಾರಿಯಿಲ್ಲ.

ನಂಬಬಹುದಾದ ಚೆಕ್ ಎಂದರೆ ಕೂಡಿಸಿ ನೋಡುವುದು. ಫೀಲ್ಡ್ ಗೋಲ್ ಎರಡರಷ್ಟು, ಅದಕ್ಕೆ ಫ್ರೀ ಥ್ರೋ ಸೇರಿಸಿದರೆ ಪಾಯಿಂಟ್ ಬರಬೇಕು: ಫಲ್ಕ್ಸ್‌ಗೆ 950 ಮತ್ತು 439, ಒಟ್ಟು 1,389. ಆಟಗಾರರ ಪಾಯಿಂಟ್ ಕೂಡಿಸಿದರೆ ತಂಡದ ಸ್ಕೋರ್ ಬರಬೇಕು, ಕ್ವಾರ್ಟರ್‌ಗಳ ಮೊತ್ತವೂ ಅಷ್ಟೇ ಆಗಬೇಕು. ಸೂತ್ರದಲ್ಲಿ ‘ಎರಡರಷ್ಟು’ ಎಂಬುದು ಮೂರು ಪಾಯಿಂಟ್ ಗೆರೆ ಬರುವ ಮುಂಚಿನ 1978-79ರವರೆಗೆ ಮಾತ್ರ. ಇಬ್ಬರು ಆಟಗಾರರ ಸಾಲು ಅದಲುಬದಲಾದರೆ ಈ ಮೂರೂ ಚೆಕ್ ಪಾಸಾಗುತ್ತವೆ, ಅದನ್ನು ಕಣ್ಣಿನಿಂದಲೇ ಹಿಡಿಯಬೇಕು. ಪತ್ರಿಕೆಗಳ ಬಾಕ್ಸ್ ಸ್ಕೋರ್‌ನಲ್ಲಿ ಬರೀ ಸರ್‌ನೇಮ್ ಇರುವುದರಿಂದ ಇನ್ನೂ ಎಚ್ಚರ ಬೇಕು. ಫ್ರೀ ಥ್ರೋ ‘3-5’ ಎಂದಿದ್ದರೆ, ಅಂದರೆ ಐದಕ್ಕೆ ಮೂರು, ಎಕ್ಸೆಲ್ ಅದನ್ನು ತಾರೀಖು ಮಾಡಿಬಿಡುತ್ತದೆ. ಪೇಸ್ಟ್ ಮಾಡುವ ಮೊದಲೇ ಕಾಲಂ ಫಾರ್ಮ್ಯಾಟ್ ಟೆಕ್ಸ್ಟ್‌ಗೆ ಬದಲಿಸಿ. ಆಮೇಲೆ ಬದಲಿಸಿದರೆ ಮೂಲ ಅಂಕಿ ವಾಪಸ್ ಬರುವುದಿಲ್ಲ.

ಸಡೋವ್‌ಸ್ಕಿ ಇನ್ನೂ ಎರಡು ಕಡೆ ಕಾಡಿದ. ಹಸ್ಕೀಸ್‌ಗೆ ಅವನು ಆಟಗಾರನೂ ಹೌದು, ಕೋಚೂ ಹೌದು, ಹಾಗಾಗಿ ಎರಡು ಸಲ ಬಂದ ಹೆಸರು ತೆಗೆಯುವ ಡೀಡ್ಯೂಪ್ ಸ್ಕ್ರಿಪ್ಟ್ ಒಂದು ಐಡಿ ಅಳಿಸಿತು. ಅದೇ ಸೀಸನ್‌ನಲ್ಲಿ ಕ್ಲೀವ್‌ಲ್ಯಾಂಡ್ ರೆಬೆಲ್ಸ್‌ಗೆ ಹೋದದ್ದರಿಂದ ಅವನಿಗೆ ಎರಡು ತಂಡದ ಸಾಲು, ಮೇಲೊಂದು ಒಟ್ಟು ಸಾಲು. ಮೂರನ್ನೂ ಕೂಡಿಸಿದರೆ ಎಲ್ಲವೂ ಎರಡು ಪಟ್ಟು. ತಂಡದ ಕೋಡ್ ಕೂಡ ಹಾಗೆಯೇ ಕಾಡುತ್ತದೆ: ಊರು ಅಥವಾ ಹೆಸರು ಒಂದೇ ಆದರೂ ತಂಡ ಬೇರೆ. ಹಸ್ಕೀಸ್ ಒಂದೇ ಸೀಸನ್‌ಗೆ ಮುಚ್ಚಿತು. 1995ರಲ್ಲಿ ಬಂದ ರ್‍ಯಾಪ್ಟರ್ಸ್‌ಗೂ ಅದಕ್ಕೂ ಊರು ಬಿಟ್ಟು ಬೇರೆ ಸಂಬಂಧವಿಲ್ಲ. 1954ರಲ್ಲಿ ಮುಚ್ಚಿದ ಬಾಲ್ಟಿಮೋರ್ ಬುಲೆಟ್ಸ್ ಬೇರೆ, ಈಗ ವಾಷಿಂಗ್ಟನ್ ವಿಜರ್ಡ್ಸ್ ಆಗಿರುವ ಬುಲೆಟ್ಸ್ ಬೇರೆ.

ಈಗ ಖಾಲಿ ಜಾಗಕ್ಕೆ ಎರಡು ಫ್ಲ್ಯಾಗ್ ಇಟ್ಟಿದ್ದೇವೆ: ‘ಆಗ ದಾಖಲಿಸುತ್ತಿರಲಿಲ್ಲ’ ಮತ್ತು ‘ಸ್ಕ್ಯಾನ್ ಓದಲಾಗಲಿಲ್ಲ’. ಎರಡನೆಯದಕ್ಕೆ ಬೇರೆ ಪತ್ರಿಕೆಯ ಪ್ರತಿ ಹುಡುಕಬಹುದು, ಮೊದಲನೆಯದಕ್ಕೆ ಹುಡುಕಿ ಫಲವಿಲ್ಲ. ಇಂಪೋರ್ಟರ್‌ನ ಡೀಫಾಲ್ಟ್ ಮಾತ್ರ ಇನ್ನೂ ಸೊನ್ನೆಯೇ. ಹಳೆಯ ಸೀಸನ್‌ಗಳಿಗೆ ಕ್ಲೈಂಟ್‌ಗಳು ಕಡಿಮೆ ಎಂಬ ಕಾರಣಕ್ಕೆ ಮ್ಯಾನೇಜ್‌ಮೆಂಟ್ ಆ ಟಿಕೆಟನ್ನು ಹಿಂದಕ್ಕೆ ಹಾಕುತ್ತಲೇ ಇದೆ. ಅದು ಬದಲಾಗುವವರೆಗೆ 1979ಕ್ಕೂ ಹಿಂದಿನ ಯಾವ ಬ್ಯಾಚ್ ಬಂದರೂ ರನ್ ಒತ್ತುವ ಮೊದಲು ಖಾಲಿಗೆ ಸೊನ್ನೆ ತುಂಬುವ ಫಿಲ್ ಆಯ್ಕೆಯನ್ನು ಕೈಯಾರೆ ಆಫ್ ಮಾಡಿ.