ಸ್ಟಾಪ್‌ವಾಚ್‌ಗೆ ಸಿಗದ ಪಕ್ಷಪಾತ

ಚುನಾವಣೆಗೆ ಮೊದಲು ಅಭ್ಯರ್ಥಿಗಳನ್ನೆಲ್ಲ ಒಂದೇ ವೇದಿಕೆಗೆ ಕರೆಸಿ ಮಾತಾಡಿಸಬೇಕು ಅನ್ನೋದು ನಮ್ಮ ಗೆಳೆಯರ ಗುಂಪಿನ ಹಳೆಯ ಆಸೆ. ಕೊನೆಗೂ ಮೂವರು ಒಪ್ಪಿದರು. ಒಬ್ಬರು ಆಗ ಅಧಿಕಾರದಲ್ಲಿದ್ದವರು, ಇನ್ನೊಬ್ಬರು ಅವರ ಕಟ್ಟಾ ಎದುರಾಳಿ, ಮೂರನೆಯವರು ಪಕ್ಷೇತರ. ಚರ್ಚೆ ನಡೆಸಿಕೊಡಲು ನನ್ನ ಸ್ನೇಹಿತೆ ಒಪ್ಪಿಕೊಂಡಳು. ಅವಳು ಹಿಂದೆ ಒಂದು ಸುದ್ದಿ ಚಾನೆಲ್‌ನಲ್ಲಿ ನಿರೂಪಕಿಯಾಗಿದ್ದವಳು. ಕಿವಿಯಲ್ಲಿ ಸಿಕ್ಕಿಸಿದ ಇಯರ್‌ಪೀಸ್‌ನಿಂದ "ಅವರನ್ನ ಸಾಕು ಮಾಡು, ಇವರಿಗೆ ಕೊಡು" ಅಂತ ದಿನಾ ಕೇಳಿ ಕೇಳಿ ಬೇಸತ್ತು ಕೆಲಸ ಬಿಟ್ಟಿದ್ದಳು. ನನ್ನ ಪಾಲಿಗೆ ಬಂದಿದ್ದು ಸ್ಟಾಪ್‌ವಾಚ್ ಹಿಡಿದು ಲೆಕ್ಕ ಬರೆಯುವ ಕೆಲಸ.

ಸುಲಭದ ಕೆಲಸ ಅಂದುಕೊಂಡೇ ಕೂತೆ. ಹಾಳೆಯ ಮೇಲೆ ಗೆರೆ ಎಳೆದು ಕಾಲಂ ಮಾಡಿಕೊಂಡಿದ್ದೆ. ಯಾರು, ಯಾವ ಪ್ರಶ್ನೆ, ಎಷ್ಟು ಹೊತ್ತು, ನಡುವೆ ಬಾಯಿ ಹಾಕಿದ್ದು ಯಾರು, ಮರುಪ್ರಶ್ನೆ ಬಿತ್ತಾ ಇಲ್ವಾ. ಈ ಕೊನೆಯ ಕಾಲಂ ಅವಳೇ ಹೇಳಿ ಹಾಕಿಸಿದ್ದು. "ಮೊದಲ ಪ್ರಶ್ನೆ ಯಾರು ಬೇಕಾದರೂ ಕೇಳಬಹುದು. ಯಾರು ಯಾರ ಪರ ಅಂತ ಗೊತ್ತಾಗೋದು ಎರಡನೇ ಪ್ರಶ್ನೇಲಿ" ಅಂದಳು.

ಆ ಮಾತಿಗೆ ಉದಾಹರಣೆ ಅಂತ ಅವಳು ಹೇಳಿದ್ದು 1976ರ ಅಮೆರಿಕದ ಅಧ್ಯಕ್ಷೀಯ ಚರ್ಚೆಯ ಕಥೆ. ಆಗಿನ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಮತ್ತು ಅವರ ಎದುರಾಳಿ ಜಿಮ್ಮಿ ಕಾರ್ಟರ್ ಎದುರುಬದುರು. ಪೂರ್ವ ಯುರೋಪಿನಲ್ಲಿ ಸೋವಿಯತ್ ದಬ್ಬಾಳಿಕೆಯೇ ಇಲ್ಲ ಅಂದುಬಿಟ್ಟರು ಫೋರ್ಡ್. ಶೀತಲ ಸಮರದ ಕಾಲ ಅದು, ಪೂರ್ವ ಯುರೋಪಿನ ಹೆಚ್ಚಿನ ದೇಶಗಳು ಸೋವಿಯತ್ ಹಿಡಿತದಲ್ಲೇ ಇದ್ದವು. ಪ್ರಶ್ನೆ ಕೇಳಿದ್ದ ಪತ್ರಕರ್ತ ಮ್ಯಾಕ್ಸ್ ಫ್ರಾಂಕೆಲ್‌ಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. ನೀವು ಹೇಳಿದ್ದು ಹೀಗೇನಾ ಅಂತ ಮತ್ತೆ ಕೇಳಿದರು. ಮಾತು ತಿದ್ದಿಕೊಳ್ಳೋಕೆ ಅದೊಂದು ಅವಕಾಶವಾಗಿತ್ತು. ಫೋರ್ಡ್ ತಿದ್ದಿಕೊಳ್ಳುವ ಬದಲು ಪೋಲೆಂಡ್, ಯುಗೊಸ್ಲಾವಿಯ, ರುಮೇನಿಯ ಅಂತ ಹೆಸರು ಹಿಡಿದು ಇನ್ನೂ ಗಟ್ಟಿಯಾಗಿ ಅದನ್ನೇ ಹೇಳಿದರು. ಆ ಮರುಪ್ರಶ್ನೆ ಫೋರ್ಡ್‌ಗೆ ತೋಡಿದ ಗುಂಡಿಯೋ, ಚಾಚಿದ ಕೈಯೋ? ಕಾರ್ಟರ್ ಬೆಂಬಲಿಗರನ್ನು ಕೇಳಿದರೆ ಒಂದು ಉತ್ತರ, ಫೋರ್ಡ್ ಬೆಂಬಲಿಗರನ್ನು ಕೇಳಿದರೆ ಇನ್ನೊಂದು ಸಿಗುತ್ತಿತ್ತು ಅಂತ ನನ್ನ ಅನಿಸಿಕೆ.

ಮೈಕ್ ವಿಷಯದಲ್ಲೂ ನಾವು ಅಮೆರಿಕದವರಿಂದಲೇ ಪಾಠ ಕಲಿತೆವು. 2020ರಲ್ಲಿ ಟ್ರಂಪ್ ಮತ್ತು ಬೈಡನ್ ನಡುವಿನ ಮೊದಲ ಚರ್ಚೆ ಕೂಗಾಟದಲ್ಲೇ ಮುಗಿದಿತ್ತು. ಅನುಭವಿ ಪತ್ರಕರ್ತ ಕ್ರಿಸ್ ವ್ಯಾಲೇಸ್ ಕೈಲೂ ಅದನ್ನು ಹಿಡಿತಕ್ಕೆ ತರಲು ಆಗಲಿಲ್ಲ. ಅದಾದ ಮೇಲೆ ನಡೆದ ಚರ್ಚೆಯಲ್ಲಿ, ಒಬ್ಬರು ಮೊದಲ ಎರಡು ನಿಮಿಷದ ಉತ್ತರ ಕೊಡುವಾಗ ಇನ್ನೊಬ್ಬರ ಮೈಕ್ ಬಂದ್ ಮಾಡಿದರು. ನಾವೂ ಅದನ್ನೇ ಮಾಡಿದೆವು. ಕೂಗಾಟ ಇರಲಿಲ್ಲ. ಅಭ್ಯರ್ಥಿಗಳ ಹಿಂದೆ ಬಂದಿದ್ದವರಿಗೆ ಸ್ವಲ್ಪ ನಿರಾಸೆ ಆದಂತೆ ಕಂಡಿತು. ಜಗಳ ನೋಡಲು ಬಂದವರಿಗೆ ನೀರಿನ ಪೈಪಿನ ಲೆಕ್ಕ ಕೇಳಿಸಿದರೆ ಇನ್ನೇನಾಗುತ್ತೆ!

ಚರ್ಚೆಯ ಅರ್ಧದಲ್ಲಿ ಒಂದು ಗಳಿಗೆ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಅಧಿಕಾರದಲ್ಲಿದ್ದವರು ತಮ್ಮ ಅವಧಿಯಲ್ಲಿ ಎಷ್ಟು ಮನೆಗಳಿಗೆ ನಲ್ಲಿ ಬಂತು ಅಂತ ಒಂದು ದೊಡ್ಡ ಸಂಖ್ಯೆ ಹೇಳಿದರು. ಸ್ನೇಹಿತೆಯ ಮುಂದೆ ಅವರದೇ ಆಡಳಿತ ಹೊರಡಿಸಿದ ವರದಿ ಇತ್ತು, ಆ ಪುಟಕ್ಕೆ ಹಳದಿ ಚೀಟಿ ಅಂಟಿಸಿಟ್ಟಿದ್ದಳು. ದನಿ ಏರಿಸದೆ, "ಸರ್, ನಿಮ್ಮ ವರದಿಯಲ್ಲಿ ಇದರ ಅರ್ಧ ಇದೆಯಲ್ಲ" ಅಂದಳು. ಅವರು ಕರ್ಚೀಫು ತೆಗೆದು ಕತ್ತು ಒರೆಸಿಕೊಂಡರು. ಕೆಲಸ ನಡೀತಿರೋ ಮನೆಗಳನ್ನೂ ಸೇರಿಸಿ ಹೇಳಿದ್ದು ಅಂದರು. ಒಪ್ಪಬಹುದಾದ ಉತ್ತರವೇ. ನಾನು ಹಾಳೆಯಲ್ಲಿ ಒಂದು ಗೀಟು ಹಾಕಿದೆ. ಶಾಲೆ ಬಗ್ಗೆ ಇನ್ನೊಂದು ಸಂಖ್ಯೆ ಬಂತು, ಇನ್ನೊಂದು ಗೀಟು. ರಸ್ತೆಯ ಖರ್ಚಿಗೆ ಮತ್ತೊಂದು.

ಎದುರಾಳಿಯ ಸಾಲು ಹೆಚ್ಚುಕಡಿಮೆ ಖಾಲಿಯೇ ಇತ್ತು. ಅವರ ಮಾತು ಸೊಗಸು. ಜನರ ಕಣ್ಣೀರು, ಹೊಸ ಬೆಳಕು, ಬದಲಾವಣೆಯ ಗಾಳಿ. ಅದರಲ್ಲಿ ಸುಳ್ಳು ಅನ್ನುವಂಥದ್ದು ಒಂದೂ ಇರಲಿಲ್ಲ. ನಿಜ ಅನ್ನುವಂಥದ್ದೂ ಇರಲಿಲ್ಲ. ಬೆಳಕನ್ನು ಯಾವ ವರದಿ ತೆಗೆದು ಪರೀಕ್ಷೆ ಮಾಡ್ತೀರಿ?

ಪಕ್ಷೇತರರು ಚೆನ್ನಾಗಿ ಓದಿಕೊಂಡು ಬಂದಿದ್ದರು. ಅವರ ಬಗ್ಗೆ ಮಾರನೇ ದಿನ ಯಾರೂ ಒಂದು ಸಾಲು ಬರೆಯಲಿಲ್ಲ. ಅದೂ ಒಂದು ಬಗೆಯ ಪಕ್ಷಪಾತವೇ, ಆದರೆ ಅದರ ಬಗ್ಗೆ ದೂರು ಕೊಡೋಕೆ ಅವರ ಹಿಂದೆ ಜನ ಇರಲಿಲ್ಲ.

ಮುಗಿದ ಕೂಡಲೇ ಜನ ಮೇಜಿನ ಸುತ್ತ ಸೇರಿದರು. ಅಧಿಕಾರದಲ್ಲಿದ್ದವರ ಕಡೆಯ ಹಿರಿಯರೊಬ್ಬರು ಸಿಟ್ಟಿನಲ್ಲಿದ್ದರು. "ಮೊದಲೇ ತೀರ್ಮಾನ ಮಾಡ್ಕೊಂಡು ಬಂದಿದ್ರಿ ಅಲ್ವಾ ಮೇಡಂ?" ಅಂದರು. ನಾನು ಹೆಮ್ಮೆಯಿಂದ ಹಾಳೆ ಮುಂದೆ ಹಿಡಿದೆ. ಮಾತಾಡಿದ ಹೊತ್ತಿನ ಲೆಕ್ಕದಲ್ಲಿ ಅವರ ಕಡೆಯ ಅಭ್ಯರ್ಥಿಯೇ ಸ್ವಲ್ಪ ಮುಂದಿದ್ದರು. ಅವರು ಕನ್ನಡಕ ಏರಿಸಿ ಪೂರ್ತಿ ಓದಿದರು. ಆಮೇಲೆ ಕೊನೆಯ ಕಾಲಂ ಮೇಲೆ ಬೆರಳಿಟ್ಟು, "ಇದೇನು?" ಅಂದರು. ಅವರ ಸಾಲಿನಲ್ಲಿ ಗೀಟುಗಳ ಬೇಲಿ. ಪಕ್ಕದ ಸಾಲು ಬಯಲು.

ಅತ್ತ ಎದುರಾಳಿಯ ಹುಡುಗರದ್ದು ತದ್ವಿರುದ್ಧ ದೂರು. ಜಾಸ್ತಿ ಹೊತ್ತು ಮೈಕ್ ಸಿಕ್ಕಿದ್ದು ಅವರಿಗೇ, ಪ್ರತಿ ಮರುಪ್ರಶ್ನೆಯೂ ಅವರಿಗೆ ಸಮಜಾಯಿಷಿ ಕೊಡೋಕೆ ಸಿಕ್ಕ ಅವಕಾಶ ಅಂತ. ಒಂದೇ ಹಾಳೆ, ಎರಡು ತಕರಾರು. ಇದಕ್ಕೆ ಮನಶ್ಶಾಸ್ತ್ರದಲ್ಲಿ ಹಳೆಯ ಅಧ್ಯಯನವೊಂದಿದೆ. 1982ರಲ್ಲಿ ಲೆಬನಾನಿನ ಬೈರೂತ್ ನಗರದಲ್ಲಿ ನಡೆದ ಪ್ಯಾಲೆಸ್ಟೀನಿ ನಿರಾಶ್ರಿತರ ಹತ್ಯಾಕಾಂಡದ ಟಿವಿ ವರದಿಗಳನ್ನು ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ಇಸ್ರೇಲ್ ಪರ ಮತ್ತು ಅರಬರ ಪರ ಇದ್ದ ವಿದ್ಯಾರ್ಥಿಗಳಿಗೆ ತೋರಿಸಿದರು. ಎರಡೂ ಕಡೆಯವರು ಅವೇ ತುಣುಕುಗಳನ್ನು ನೋಡಿ, ಇದು ನಮ್ಮ ವಿರುದ್ಧ ಇದೆ ಅಂದರು. 1985ರಲ್ಲಿ ಅದು ಪ್ರಕಟವಾಯಿತು. ಎರಡೂ ಕಡೆಯವರು ಬೈದರೆ ನಾವು ಸರಿ ಇದ್ದೀವಿ ಅಂತ ಅರ್ಥ ಅಂತ ಪತ್ರಕರ್ತರು ಬೆನ್ನು ತಟ್ಟಿಕೊಳ್ಳುವುದುಂಟು. ನನಗೆ ಆ ಮಾತು ಒಪ್ಪಿಗೆಯಿಲ್ಲ. ಎರಡೂ ಕಡೆ ಕೆಟ್ಟದಾಗಿ ನಡೆಸಿದರೂ ಎರಡೂ ಕಡೆಯವರು ಬೈಯುತ್ತಾರೆ.

ಹಿರಿಯರ ದೂರನ್ನು ಸುಮ್ನೆ ತಳ್ಳಿಹಾಕಲು ನನಗೆ ಮನಸ್ಸಾಗಲಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಫಿಲಡೆಲ್ಫಿಯಾದಲ್ಲಿ ಟ್ರಂಪ್ ಮತ್ತು ಕಮಲಾ ಹ್ಯಾರಿಸ್ ಚರ್ಚೆ ನಡೆದಾಗಲೂ ಇದೇ ಜಗಳ ಎದ್ದಿತ್ತು. ಸ್ಪ್ರಿಂಗ್‌ಫೀಲ್ಡ್ ಊರಿನಲ್ಲಿ ವಲಸಿಗರು ಸಾಕುಪ್ರಾಣಿಗಳನ್ನು ತಿನ್ನುತ್ತಿದ್ದಾರೆ ಅಂತ ಟ್ರಂಪ್ ಹೇಳಿದರು. ಅದಕ್ಕೆ ನಂಬುವಂಥ ವರದಿ ಯಾವುದೂ ಇಲ್ಲ ಅಂತ ಆ ಊರಿನ ಅಧಿಕಾರಿಯೇ ತಿಳಿಸಿದ್ದಾರೆ ಅಂತ ನಿರೂಪಕ ಡೇವಿಡ್ ಮ್ಯೂರ್ ಅಲ್ಲೇ ಹೇಳಿದರು. ತಿದ್ದುಪಡಿಗಳು ಹೆಚ್ಚಾಗಿ ಬಿದ್ದಿದ್ದು ಟ್ರಂಪ್‌ಗೆ. ಇಬ್ಬರು ನಿರೂಪಕರು ಮತ್ತು ಹ್ಯಾರಿಸ್, ಮೂವರು ಸೇರಿ ಒಬ್ಬನ ಮೇಲೆ ಬಿದ್ದರು ಅನ್ನೋದು ಅವರ ದೂರು. ಮಾತಾಡಿದ ಸಮಯ ನೋಡಿದರೆ ಅವರದೇ ಜಾಸ್ತಿ. ಸುಳ್ಳು ಹೆಚ್ಚು ಹೇಳಿದವರಿಗೆ ತಿದ್ದುಪಡಿ ಹೆಚ್ಚು ಬೀಳೋದು ನ್ಯಾಯವೇ. ಇಬ್ಬರಿಗೂ ಸಮಸಮ ಇರಲಿ ಅಂತ ಲೆಕ್ಕ ಹೊಂದಿಸಲು ಹೋದರೆ ಅದೇ ಪಕ್ಷಪಾತ. ಇಲ್ಲಿಯವರೆಗೆ ನನಗೆ ಗೊಂದಲ ಇಲ್ಲ.

ಗೊಂದಲ ಶುರುವಾಗೋದು ಇಲ್ಲಿಂದಾಚೆ. ಸಂಖ್ಯೆ ಹೇಳಿದವರನ್ನು ಮಾತ್ರ ಪ್ರಶ್ನೆ ಮಾಡಿದರೆ, ಏನೂ ಹೇಳದವರು ಗೆದ್ದು ಹೋಗ್ತಾರೆ. ಅವತ್ತು ಆಗಿದ್ದು ಅದೇ. ನಮ್ಮ ಹಳದಿ ಚೀಟಿಗಳೆಲ್ಲ ಸುಳ್ಳು ಹಿಡಿಯುವ ಬಲೆಗಳು. ಟೊಳ್ಳು ಮಾತು ಹಿಡಿಯೋಕೆ ನಮ್ಮ ಹತ್ತಿರ ಏನೂ ಇರಲಿಲ್ಲ. ಸ್ನೇಹಿತೆಗೆ ಹೀಗೆ ಹೇಳಿದಾಗ ಅವಳು ವಾದಕ್ಕಿಳಿದಳು. "ಅವರು ಭರವಸೆ ಕೊಡ್ತಿದ್ದರು, ಭರವಸೆಗೆ ಆಧಾರ ಎಲ್ಲಿಂದ ತರಲಿ?" ಅಂತ. ಆಧಾರ ಬೇಡ, ಎಷ್ಟು, ಯಾವಾಗ, ಯಾರ ದುಡ್ಡಿನಲ್ಲಿ ಅಂತ ಕೇಳಬಹುದಲ್ಲ ಅಂದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಹಾಳೆ ಎಳೆದುಕೊಂಡು ಮೂರು ಹೊಸ ಕಾಲಂ ಗೆರೆ ಹಾಕಿದಳು.

ಮಾರನೇ ದಿನ ಒಂದು ಚಾನೆಲ್ ಆ ನಲ್ಲಿ ಪ್ರಶ್ನೆಯ ತುಣುಕು ಹಾಕಿತು. ಪ್ರಶ್ನೆ ಇತ್ತು, ಕತ್ತು ಒರೆಸಿಕೊಂಡಿದ್ದು ಇತ್ತು. ಉತ್ತರ ಇರಲಿಲ್ಲ. ಅಲ್ಲಿಗೇ ಕತ್ತರಿ. ಸಂಜೆಯ ಹೊತ್ತಿಗೆ ಅದು ಎಲ್ಲರ ಫೋನಿನಲ್ಲಿತ್ತು. 2012ರಲ್ಲಿ ಒಬಾಮ ಮತ್ತು ಮಿಟ್ ರಾಮ್ನಿ ನಡುವಿನ ಅಧ್ಯಕ್ಷೀಯ ಚರ್ಚೆ ನಡೆಸಿಕೊಟ್ಟ ಪತ್ರಕರ್ತೆ ಕ್ಯಾಂಡಿ ಕ್ರೌಲಿಗೂ ಇಂಥದ್ದೇ ಆಯಿತು. ಲಿಬಿಯಾದಲ್ಲಿ ಅಮೆರಿಕದ ರಾಜತಾಂತ್ರಿಕ ಕಚೇರಿ ಮೇಲಾದ ದಾಳಿಯನ್ನು ಒಬಾಮ ಭಯೋತ್ಪಾದನೆ ಅಂತ ಕರೆದಿದ್ದರು ಅಂತ ಆಕೆ ವೇದಿಕೆಯಲ್ಲೇ ರಾಮ್ನಿಯನ್ನು ತಿದ್ದಿದರು. ಮರುಕ್ಷಣವೇ ಇನ್ನೊಂದು ಅಂಶದಲ್ಲಿ ರಾಮ್ನಿ ಹೇಳಿದ್ದು ಸರಿ ಅಂತಲೂ ಹೇಳಿದರು. ಜನರ ನೆನಪಿನಲ್ಲಿ ಉಳಿದಿದ್ದು ಮೊದಲ ಅರ್ಧ ಮಾತ್ರ. ವೇದಿಕೆ ಮೇಲೆ ಎಷ್ಟೇ ತೂಗಿ ಮಾತಾಡಲಿ, ಕತ್ತರಿ ಇನ್ನೊಬ್ಬರ ಕೈಲಿರುತ್ತೆ. ನಾವು ಪೂರ್ತಿ ವಿಡಿಯೊ ಕಳಿಸಿ, ಉತ್ತರವನ್ನೂ ತೋರಿಸಿ ಅಂತ ಕೇಳಿದೆವು. ಟೈಮ್ ಇಲ್ಲ ಅಂದರು.

ಮುಂದಿನ ಚುನಾವಣೆಗೆ ಮತ್ತೆ ಕರೆದಾಗ ಅದೇ ಹಿರಿಯರ ಪಕ್ಷದಿಂದ ಷರತ್ತಿನ ಪತ್ರ ಬಂತು. ಮರುಪ್ರಶ್ನೆ ಇರಬಾರದು, ಪ್ರಶ್ನೆಗಳನ್ನು ಮೊದಲೇ ತಿಳಿಸಬೇಕು. 1988ರಲ್ಲಿ, ಅಮೆರಿಕದ ಅಧ್ಯಕ್ಷೀಯ ಚರ್ಚೆಗಳನ್ನು ನಡೆಸುತ್ತಿದ್ದ ಲೀಗ್ ಆಫ್ ವಿಮೆನ್ ವೋಟರ್ಸ್ ಎಂಬ ಸಂಸ್ಥೆ ಎರಡು ಪಕ್ಷಗಳ ಇಂಥ ಕರಾರಿಗೆ ಬೇಸತ್ತು ಚರ್ಚೆ ನಡೆಸುವುದನ್ನೇ ಬಿಟ್ಟಿತ್ತು. ಸ್ನೇಹಿತೆ ಬಿಡಲಿಲ್ಲ. ವಿಷಯಗಳ ಪಟ್ಟಿ ಕಳಿಸ್ತೀವಿ, ಪ್ರಶ್ನೆ ಕಳಿಸಲ್ಲ, ನಿಮ್ಮ ಕುರ್ಚಿ ಖಾಲಿ ಇದ್ದರೂ ಕಾರ್ಯಕ್ರಮ ನಡೆಯುತ್ತೆ ಅಂತ ಬರೆದಳು. ಬಂದರು. ಹಳಬರ ಬದಲು ಹೊಸ ಅಭ್ಯರ್ಥಿ, ನಗುಮುಖ, ಒಳ್ಳೆ ಕಂಠ. ಮೊದಲ ಉತ್ತರದಲ್ಲಿ ಸಂಖ್ಯೆ ಒಂದೂ ಇಲ್ಲ, ಬರೀ ಕನಸು, ನಾಳೆ, ವಿಶ್ವಾಸ. ಪಾಠ ಕಲಿತುಕೊಂಡೇ ಬಂದಿದ್ದರು.

"ಎಷ್ಟು ಸರ್? ಯಾವ ವರ್ಷದೊಳಗೆ?" ಅಂದಳು ಸ್ನೇಹಿತೆ. ಕೊನೆಯಲ್ಲಿ ಗೀಟು ಎಣಿಸಿದರೆ ಆ ಸಲವೂ ಅವರ ಸಾಲೇ ಉದ್ದ. ಹಿರಿಯರು ಆಗಲೇ ಮೇಜಿನ ಕಡೆ ಬರ್ತಾ ಇದ್ದರು.