ಚೆಂಡೆಯ ಪೆಟ್ಟು ತಪ್ಪಿದಾಗ

ಬದಿಯಡ್ಕ ಪೇಟೆಯಲ್ಲಿ ಕಂಪ್ಯೂಟರ್ ದುರಸ್ತಿಯ ಕೆಲಸ ಮಾಡುವ ನನ್ನ ಬಳಿಗೆ ವರ್ಷವಿಡೀ ಬರುವ ದೂರುಗಳಲ್ಲಿ ಒಂದು, ಇಂಟರ್ನೆಟ್ ತೆರೆದರೆ ಸಾಕು, ಹಾಡು ತಡೆದು ತಡೆದು ಬರುತ್ತದೆ ಎಂಬುದು. ಈ ದೂರಿಗೆ ಬಹಳ ಕಾಲ ನನ್ನಲ್ಲಿದ್ದುದು ಒಂದೇ ಉತ್ತರ: ಕಂಪ್ಯೂಟರಿನ ಕೆಲಸದ ಮೆಮೊರಿಯಾದ ರ‍್ಯಾಮ್ ಹೆಚ್ಚಿಸಿಕೊಳ್ಳಿ. ಹತ್ತು ಮಂದಿಯಲ್ಲಿ ಹಲವರಿಗೆ ಆ ಉತ್ತರ ಸರಿಹೋಗುತ್ತಿತ್ತು. ಸರಿಹೋಗುತ್ತಿದ್ದುದರಿಂದಲೇ ಅದು ನನ್ನ ಮನಸ್ಸಿನಲ್ಲಿ ಬೇರೂರಿತ್ತು. ಪೆರ್ಲದ ಕಡೆಯ ನಿವೃತ್ತ ಕನ್ನಡ ಅಧ್ಯಾಪಕರೊಬ್ಬರ ಕಂಪ್ಯೂಟರು ನನ್ನ ಆ ಅಭ್ಯಾಸವನ್ನು ಬಿಡಿಸಿತು, ಆದರೆ ಅದರ ನಷ್ಟವನ್ನು ಹೊತ್ತವರು ಅವರು.

ಮಾಷ್ಟ್ರು ತಾಳಮದ್ದಳೆಯ ಕ್ಯಾಸೆಟ್‌ಗಳನ್ನು ಯೌವನದಿಂದಲೂ ಕೂಡಿಟ್ಟವರು. ನಿವೃತ್ತಿಯ ಬಳಿಕ ಅವುಗಳನ್ನು ಒಂದೊಂದಾಗಿ ಕಂಪ್ಯೂಟರಿಗೆ ಇಳಿಸಿ, ಪ್ರಸಂಗದ ಹೆಸರು, ಅರ್ಥಧಾರಿಗಳ ಹೆಸರು, ಕೂಟ ನಡೆದ ಊರು ಎಲ್ಲವನ್ನೂ ಬರೆದು ಜೋಡಿಸಿದ್ದರು. ಬೆಳಗ್ಗೆ ಕಾಫಿಯಾದ ಮೇಲೆ ಬ್ರೌಸರಿನಲ್ಲಿ ಕನ್ನಡ ಪತ್ರಿಕೆಗಳನ್ನು ಓದುತ್ತಾ ಒಂದು ಪ್ರಸಂಗವನ್ನು ಕೇಳುವುದು ಅವರ ಕ್ರಮ.

"ಭಾಗವತರು ಪದ್ಯ ಎತ್ತಿದ ಕೂಡ್ಲೇ ಸ್ವರ ತುಂಡಾಗ್ತದೆ ಮಾರಾಯ. ಪೇಪರ್ ಮುಚ್ಚಿದ್ರೆ ಸರಿಯಾಗ್ತದೆ," ಎಂದು ಹೇಳಿ ಕಂಪ್ಯೂಟರನ್ನು ಅಂಗಡಿಯಲ್ಲಿ ಬಿಟ್ಟುಹೋದರು.

ಅದರಲ್ಲಿದ್ದುದು 4 ಜಿಬಿ ರ‍್ಯಾಮ್. ಬ್ರೌಸರಿನಲ್ಲಿ ಹನ್ನೆರಡು ಟ್ಯಾಬ್‌ಗಳು ತೆರೆದಿದ್ದವು, ಯಾವುದು ಎಷ್ಟು ಬಳಕೆಯಲ್ಲಿದೆ ಎಂದು ತೋರಿಸುವ ಟಾಸ್ಕ್ ಮ್ಯಾನೇಜರಿನಲ್ಲಿ ಮೆಮೊರಿಯ ಬಳಕೆ ಶೇಕಡಾ 90 ದಾಟಿತ್ತು. ಇನ್ನೇನು ನೋಡುವುದಿದೆ ಎಂದುಕೊಂಡು ಇನ್ನೊಂದು 4 ಜಿಬಿ ಸೇರಿಸಿದೆ, ಅಷ್ಟೇ ಟ್ಯಾಬ್‌ಗಳನ್ನು ತೆರೆದೆ, ಕಿಸೆಯಲ್ಲಿದ್ದ ಪೆನ್ ಡ್ರೈವಿನಿಂದ ಒಂದು ಹಾಡು ಹಾಕಿದೆ. ಎಲ್ಲಿಯೂ ತಡೆಯಲಿಲ್ಲ. ನನ್ನ ತಪ್ಪು ಇದ್ದುದು ಆ ಪೆನ್ ಡ್ರೈವಿನಲ್ಲೇ. ಮಾಷ್ಟ್ರ ಪ್ರಸಂಗಗಳಿದ್ದುದು ಅವರ ಹಾರ್ಡ್ ಡಿಸ್ಕಿನಲ್ಲಿ, ನಾನು ಪರೀಕ್ಷಿಸಿದ್ದು ನನ್ನ ಪೆನ್ ಡ್ರೈವಿನ ಹಾಡಿನಿಂದ.

ಮೂರು ವಾರಗಳ ಬಳಿಕ ಅವರು ಮತ್ತೆ ಬಂದರು. "ಕಡಿಮೆ ಆಗಿದೆ, ಹೋಗ್ಲಿಲ್ಲ. ಚೆಂಡೆಯ ಪೆಟ್ಟು ಈಗ್ಲೂ ತಪ್ತದೆ," ಎಂದರು.

ಹಾಡು ನುಡಿಸುವುದು ಕಂಪ್ಯೂಟರಿಗೆ ಎಷ್ಟು ಸಣ್ಣ ಕೆಲಸ ಎಂಬುದನ್ನು ಇಲ್ಲಿ ಹೇಳಬೇಕು, ಏಕೆಂದರೆ ನಮ್ಮಲ್ಲಿ ಅನೇಕರು ಹಾಡಿನ ಭಾರದಿಂದಲೇ ಕಂಪ್ಯೂಟರ್ ಬಳಲುತ್ತದೆ ಎಂದು ನಂಬಿದ್ದಾರೆ. ಸಾಮಾನ್ಯವಾದ 128 ಕಿಲೋಬಿಟ್‌ನ ಒಂದು ಎಂಪಿ3 ಕಡತಕ್ಕೆ ಸೆಕೆಂಡಿಗೆ ಬೇಕಾದದ್ದು 16 ಕಿಲೋಬೈಟ್ ಮಾತ್ರ. ಒಂದು ಗಂಟೆಯ ಪ್ರಸಂಗ 58 ಎಂಬಿಯೊಳಗೆ ಮುಗಿಯುತ್ತದೆ. ಅದನ್ನು ಬಿಡಿಸಿ ಸ್ವರವಾಗಿಸುವ ಲೆಕ್ಕಾಚಾರ ಹದಿನೈದು ವರ್ಷ ಹಳೆಯ ಪ್ರೊಸೆಸರಿಗೂ ಸುಲಭ. ಕಷ್ಟವಿರುವುದು ಹೊತ್ತಿಗೆ ಸರಿಯಾಗಿ ಒದಗಿಸುವುದರಲ್ಲಿ. ಸಿಡಿ ಗುಣಮಟ್ಟದ ಸ್ವರವೆಂದರೆ ಸೆಕೆಂಡಿಗೆ 44,100 ಮಾದರಿಗಳು, ಸೌಂಡ್ ಚಿಪ್ಪು ಅವುಗಳನ್ನು ಒಂದೇ ಗತಿಯಲ್ಲಿ ಎಳೆದುಕೊಳ್ಳುತ್ತಲೇ ಇರುತ್ತದೆ. ಪ್ಲೇಯರ್ ಮುಂದಿನ ಸ್ವಲ್ಪ ಭಾಗವನ್ನು ಬಫರಿನಲ್ಲಿ ತುಂಬಿಟ್ಟಿರುತ್ತದೆ. ಅದು ಬರಿದಾಗುವ ಮೊದಲು ಮುಂದಿನದು ಬಂದು ಬೀಳದಿದ್ದರೆ ಸ್ವರ ಕಡಿಯುತ್ತದೆ. ಪತ್ರಿಕೆಯ ಪುಟ ಅರ್ಧ ಸೆಕೆಂಡು ತಡವಾಗಿ ತೆರೆದುಕೊಂಡರೆ ಯಾರ ಗಮನಕ್ಕೂ ಬರುವುದಿಲ್ಲ, ಆದರೆ ಚೆಂಡೆಯ ಪೆಟ್ಟು ಸೆಕೆಂಡಿನ ಇಪ್ಪತ್ತನೇ ಒಂದು ಪಾಲು ಹಿಂದೆ ಬಿದ್ದರೂ ತಾಳ ಬಲ್ಲ ಕಿವಿಗೆ ತಿಳಿಯುತ್ತದೆ. ಕಂಪ್ಯೂಟರಿನೊಳಗೆ ಎಲ್ಲೋ ಏನೋ ತಡವಾಗುತ್ತಿದೆ ಎಂಬುದನ್ನು ಪರದೆಗಿಂತ ಮೊದಲು ಸ್ಪೀಕರು ಹೇಳುವುದು ಈ ಕಾರಣಕ್ಕೆ.

ಎರಡನೆಯ ಬಾರಿ ನಾನು ಮಾಷ್ಟ್ರ ಕಡತವನ್ನೇ ಹಾಕಿದೆ, ಅವರು ಓದುವ ಪತ್ರಿಕೆಯನ್ನೇ ತೆರೆದೆ, ಒಂದೇ ಟ್ಯಾಬ್ ಇಟ್ಟೆ. ಐದಾರು ನಿಮಿಷಕ್ಕೆ ಸ್ವರ ನಿಂತಿತು. ಟಾಸ್ಕ್ ಮ್ಯಾನೇಜರಿನ ಪರ್ಫಾರ್ಮೆನ್ಸ್ ಪುಟದಲ್ಲಿ ಡಿಸ್ಕಿನ ಸಾಲನ್ನು ಒತ್ತಿದರೆ, ಡಿಸ್ಕು ಶೇಕಡಾ 100 ನಿರತವಾಗಿದೆ ಎಂದು ತೋರಿಸುತ್ತಿತ್ತು, ಆದರೆ ಓದುತ್ತಿದ್ದ ವೇಗ ಸೆಕೆಂಡಿಗೆ 1 ಎಂಬಿಗಿಂತಲೂ ಕೆಳಗಿತ್ತು, ಸರಾಸರಿ ಪ್ರತಿಕ್ರಿಯೆಯ ಸಮಯ 2,000 ಮಿಲಿಸೆಕೆಂಡ್ ದಾಟಿತ್ತು. ಪೂರ್ತಿ ನಿರತ, ಆದರೆ ಕೆಲಸ ಸಾಗುತ್ತಿಲ್ಲ. ಕ್ಯಾಬಿನೆಟ್ಟಿಗೆ ಕಿವಿ ಹಚ್ಚಿದೆ. ಒಳಗಿನಿಂದ ಸಣ್ಣದೊಂದು ಟಿಕ್ ಸದ್ದು, ಒಂದು ಕ್ಷಣ ಮೌನ, ಇನ್ನೊಂದು ಟಿಕ್, ಆಮೇಲೆ ಭಾಗವತರ ಸ್ವರ ಬಿಟ್ಟಲ್ಲಿಂದ ಮುಂದುವರಿಯಿತು.

ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶ ಹಾಕಿ ನೋಡಿದಾಗ ಡಿಸ್ಕಿನ ಸ್ಥಿತಿ ಎಚ್ಚರಿಕೆಯ ಹಳದಿ ಬಣ್ಣದಲ್ಲಿತ್ತು. ಓದಲಾಗದೆ ಬಾಕಿ ಉಳಿದ ಸೆಕ್ಟರುಗಳ (ಡಿಸ್ಕಿನ ಸಣ್ಣ ವಿಭಾಗಗಳ) ಎಣಿಕೆ, ಅಂದರೆ ಪಟ್ಟಿಯಲ್ಲಿ ಸಿ5 ಎಂದು ಕಾಣುವ ಸಾಲು, ಸೊನ್ನೆಯಾಗಿರಲಿಲ್ಲ. ಹಾಳಾದ ಒಂದು ಜಾಗ ಎದುರಾದಾಗ ಡಿಸ್ಕು ಅಲ್ಲಿಂದ ಮುಂದೆ ಹೋಗದೆ ಅದನ್ನೇ ಮತ್ತೆ ಮತ್ತೆ ಓದಲು ಪ್ರಯತ್ನಿಸುತ್ತದೆ. ಮನೆಬಳಕೆಯ ಡಿಸ್ಕುಗಳಲ್ಲಿ ಇದಕ್ಕೆ ಹಲವು ಸೆಕೆಂಡುಗಳೇ ಹಿಡಿಯುತ್ತವೆ, ಅಷ್ಟರಲ್ಲಿ ಬಫರು ಬರಿದಾಗುತ್ತದೆ. ಬ್ರೌಸರ್ ಮುಚ್ಚಿದರೆ ಸರಿಯಾದಂತೆ ತೋರುತ್ತಿದ್ದುದಕ್ಕೂ ಕಾರಣ ಇಲ್ಲಿಯೇ ಇತ್ತು. ನಿಮಿಷಕ್ಕೆ 7,200 ಸುತ್ತು ತಿರುಗುವ ಡಿಸ್ಕಿನ ಒಂದು ಸುತ್ತಿಗೆ 8 ಮಿಲಿಸೆಕೆಂಡಿಗೂ ಮಿಕ್ಕಿದ ಹೊತ್ತು ಬೇಕು, ಓದುವ ತಲೆ ಜಾಗದಿಂದ ಜಾಗಕ್ಕೆ ಸರಿಯುವುದಕ್ಕೂ ಹೆಚ್ಚುಕಡಿಮೆ ಅಷ್ಟೇ ಬೇಕು. ಹೀಗಾಗಿ ಚದುರಿದ ಸಣ್ಣ ಕಡತಗಳನ್ನು ಅದು ಸೆಕೆಂಡಿಗೆ ನೂರರ ಆಸುಪಾಸಿಗಿಂತ ಹೆಚ್ಚು ಸಲ ಮುಟ್ಟಲಾರದು. ಬ್ರೌಸರು ಪ್ರತಿ ಪುಟಕ್ಕೂ ಚಿತ್ರ, ಜಾಹೀರಾತುಗಳ ನೂರಾರು ತುಣುಕುಗಳನ್ನು ಅದೇ ಡಿಸ್ಕಿನಲ್ಲಿ ಬರೆದು ಓದುತ್ತಿತ್ತು, ಅವುಗಳಲ್ಲಿ ಕೆಲವು ಹಾಳಾದ ಜಾಗದಲ್ಲಿದ್ದವು. ನಾನು ಸೇರಿಸಿದ ರ‍್ಯಾಮಿನಿಂದ ಡಿಸ್ಕಿಗೆ ಹೋಗುವ ಬೇಡಿಕೆ ತುಸು ಕಡಿಮೆಯಾಯಿತು, ಆದ್ದರಿಂದ ತೊಂದರೆಯೂ ತುಸು ಕಡಿಮೆಯಾಯಿತು. ಡಿಸ್ಕು ಮಾತ್ರ ಸಾಯುತ್ತಲೇ ಇತ್ತು.

ಆ ರಾತ್ರಿ ಅಂಗಡಿಯ ಬಾಗಿಲು ಹಾಕಲಿಲ್ಲ. ವಿಂಡೋಸ್ ಆಮೇಲಾದರೂ ಹಾಕಬಹುದು ಎಂದು ಮೊದಲು ಪ್ರಸಂಗಗಳ ನಕಲು ತೆಗೆಯಲು ಹಿಡಿದೆ. ಬೆಳಗಿನ ಹೊತ್ತಿಗೆ ಬಹುಪಾಲು ಬಂತು. ಎರಡು ಕಡತಗಳು ಏನು ಮಾಡಿದರೂ ಬರಲಿಲ್ಲ, ಇನ್ನೊಂದು ಅರ್ಧಕ್ಕೆ ನಿಂತಿತು. ಅವುಗಳ ಕ್ಯಾಸೆಟ್ ಇದೆಯೇ ಎಂದು ಕೇಳಿದಾಗ, ಮಳೆಗಾಲದಲ್ಲಿ ಬೂಸಲು ಹಿಡಿದುದರಿಂದ ಕಂಪ್ಯೂಟರಿಗೆ ಇಳಿಸಿದ ಮೇಲೆ ಎಸೆದೆ ಎಂದರು. ಮೂರು ವಾರಗಳ ಮೊದಲೇ ನಾನು ಡಿಸ್ಕನ್ನು ನೋಡಿದ್ದರೆ ಆ ಮೂರೂ ಉಳಿಯುವ ಸಾಧ್ಯತೆ ಹೆಚ್ಚಿತ್ತು ಎಂಬುದನ್ನು ಮುಚ್ಚಿಡದೆ ಹೇಳಿದೆ. ಅವರು ಬಯ್ಯಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದರಲ್ಲಿ ಅರ್ಥ ಹೇಳಿದವರು ಈಗ ಇಲ್ಲ," ಎಂದರು.

ನನ್ನನ್ನು ಹೆಚ್ಚು ಕಾಡಿದ್ದು, ಇಂಥದನ್ನು ನಾನು ಮೊದಲೇ ಕಂಡಿದ್ದೆ ಎಂಬ ಸಂಗತಿ. ಕಾಸರಗೋಡು ಪೇಟೆಯಲ್ಲಿ ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ, ವಿಂಡೋಸ್ ಎಕ್ಸ್‌ಪಿಯ ಕಾಲದಲ್ಲಿ, ಇದೇ ದೂರಿಗೆ ಬೇರೊಂದು ಮೂಲವಿತ್ತು. ಹಾರ್ಡ್ ಡಿಸ್ಕು ಡಿಎಂಎ ಎಂಬ ಕ್ರಮದಲ್ಲಿದ್ದರೆ ಮಾಹಿತಿ ಪ್ರೊಸೆಸರಿಗೆ ಹೆಚ್ಚು ತೊಂದರೆ ಕೊಡದೆ ನೇರವಾಗಿ ಮೆಮೊರಿಗೆ ಹೋಗುತ್ತದೆ. ಕೇಬಲ್ ಸಡಿಲವಾಗಿಯೋ ಪಿನ್ನುಗಳಿಗೆ ಕಿಲುಬು ಹಿಡಿದೋ ಸಾಗಾಟದಲ್ಲಿ ಆರು ದೋಷಗಳು ಕೂಡಿದರೆ ಎಕ್ಸ್‌ಪಿ ಯಾರಿಗೂ ಹೇಳದೆ ಡಿಸ್ಕನ್ನು ಪಿಐಒ ಎಂಬ ಹಳೆಯ ಕ್ರಮಕ್ಕೆ ಇಳಿಸಿಬಿಡುತ್ತಿತ್ತು. ಅಲ್ಲಿ ಪ್ರತಿ ತುಣುಕನ್ನೂ ಪ್ರೊಸೆಸರೇ ಹೊರಬೇಕು. ಪುಟ ತೆರೆದರೆ ಹಾಡು ನಿಲ್ಲುತ್ತಿತ್ತು, ಮೌಸ್ ಬಾಣ ಕೂಡ ಕುಂಟುತ್ತಿತ್ತು. ಕೇಬಲನ್ನು 80 ತಂತಿಯದಕ್ಕೆ ಬದಲಿಸಿ, ಡಿವೈಸ್ ಮ್ಯಾನೇಜರಿನಲ್ಲಿ ಡಿಸ್ಕಿನ ದಾರಿಯಾದ ಪ್ರೈಮರಿ ಐಡಿಇ ಚಾನೆಲನ್ನು ತೆಗೆದುಹಾಕಿ, ಕಂಪ್ಯೂಟರನ್ನು ಮತ್ತೆ ಚಾಲೂ ಮಾಡಿದರೆ ಎಲ್ಲ ಸರಿಹೋಗುತ್ತಿತ್ತು. ಇಂದಿನ ಸಾಟಾ ಎಂಬ ಜೋಡಣೆಯ ಡಿಸ್ಕುಗಳಲ್ಲಿ ಕೇಬಲಿನ ದೋಷವನ್ನು ಅದೇ ಪಟ್ಟಿಯ ಸಿ7 ಎಂಬ ಎಣಿಕೆ ಹೇಳುತ್ತದೆ. ಅದು ಮಾತ್ರ ಏರುತ್ತಿದ್ದರೆ ಮೊದಲು ಕೇಬಲನ್ನು ಬದಲಿಸಿ ನೋಡಬೇಕು, ಗಿರಾಕಿಗೆ ಹೊಸ ಡಿಸ್ಕ್ ಮಾರಬಾರದು.

ಹಾಗೆಂದು ಎಲ್ಲಕ್ಕೂ ಡಿಸ್ಕೇ ಕಾರಣವೆಂದು ಹೊರಟರೆ ಅದೂ ರ‍್ಯಾಮಿನ ಹಾಗೆ ಇನ್ನೊಂದು ಸಿದ್ಧ ಉತ್ತರವಾಗುತ್ತದೆ. ಕುಂಬಳೆಯಲ್ಲಿ ಡಿಟಿಪಿ ಕೆಲಸ ಮಾಡುವ ಅಕ್ಕ ಒಬ್ಬರು ಕನ್ನಡ, ಮಲಯಾಳ ಎರಡರಲ್ಲೂ ಮದುವೆಯ ಕಾಗದಗಳನ್ನು ಜೋಡಿಸುವವರು, ದಿನವಿಡೀ ಹಾಡು ಹಾಕಿಕೊಂಡೇ ಇರುವವರು. ಅವರ ಲ್ಯಾಪ್‌ಟಾಪಿನಲ್ಲಿ ತಿರುಗುವ ಭಾಗವಿಲ್ಲದ ಎಸ್ಎಸ್‌ಡಿ ಡಿಸ್ಕು ಇತ್ತು, ಮೆಮೊರಿ ಅರ್ಧದಷ್ಟು ಖಾಲಿ ಇತ್ತು, ಪ್ರೊಸೆಸರು ಶೇಕಡಾ 20 ಕೂಡ ಮುಟ್ಟುತ್ತಿರಲಿಲ್ಲ. ಆದರೂ ದೊಡ್ಡ ಕಡತ ಡೌನ್‌ಲೋಡ್ ಆಗುವಾಗಲೆಲ್ಲ ಹಾಡಿನಲ್ಲಿ ಟಪ್ ಟಪ್ ಎಂಬ ಸದ್ದು ಬರುತ್ತಿತ್ತು. ನಾನು ವೈಫೈ ಬಂದ್ ಮಾಡಿ ಕೇಬಲಿನ ಮೂಲಕ ಅದೇ ಕಡತವನ್ನು ಇಳಿಸಿದೆ, ಸದ್ದು ಹೋಯಿತು. ಯಂತ್ರಾಂಶವನ್ನು ನಡೆಸುವ ಡ್ರೈವರ್ ಎಂಬ ಸಣ್ಣ ತಂತ್ರಾಂಶಗಳು ತಮ್ಮ ತುರ್ತು ಕೆಲಸವನ್ನು ಉಳಿದ ಎಲ್ಲ ತಂತ್ರಾಂಶಗಳಿಗಿಂತ ಮೊದಲು ಮಾಡಿಸಿಕೊಳ್ಳುತ್ತವೆ. ಅವುಗಳಲ್ಲೊಂದು ಪ್ರೊಸೆಸರನ್ನು ಕೆಲವು ಮಿಲಿಸೆಕೆಂಡು ಹೆಚ್ಚು ಹಿಡಿದಿಟ್ಟರೆ ಸೌಂಡ್ ಡ್ರೈವರಿನ ಸರದಿ ತಪ್ಪುತ್ತದೆ. ಟಾಸ್ಕ್ ಮ್ಯಾನೇಜರಿನ ಶೇಕಡಾವಾರು ಲೆಕ್ಕದಲ್ಲಿ ಇದು ಕಣ್ಣಿಗೆ ಬೀಳುವುದಿಲ್ಲ, ಲೇಟೆನ್ಸಿಮಾನ್ ಎಂಬ ತಂತ್ರಾಂಶದಲ್ಲಿ ಯಾವ ಡ್ರೈವರ್ ಎಷ್ಟು ಹೊತ್ತು ಹಿಡಿದಿತ್ತು ಎಂಬುದು ಹೆಸರು ಸಹಿತ ಕಾಣುತ್ತದೆ. ಲ್ಯಾಪ್‌ಟಾಪ್ ತಯಾರಕರ ತಾಣದಲ್ಲಿದ್ದ ಹೊಸ ವೈಫೈ ಡ್ರೈವರ್ ಹಾಕಿದೆ. ಅಕ್ಕನಿಗೆ ಒಂದು ರೂಪಾಯಿಯ ಬಿಡಿಭಾಗವನ್ನೂ ಕೊಳ್ಳಬೇಕಾಗಲಿಲ್ಲ.

ಬ್ಲೂಟೂತ್ ಸ್ಪೀಕರ್ ಇದ್ದವರಲ್ಲಿ ಮೊದಲು ತಂತಿಯ ಇಯರ್‌ಫೋನ್ ಹಾಕಿ ಕೇಳಿ ಎನ್ನುತ್ತೇನೆ. ಬ್ಲೂಟೂತ್ ಮತ್ತು ಹಳೆಯ ವೈಫೈ ಎರಡೂ 2.4 ಗಿಗಾಹರ್ಟ್ಸ್ ತರಂಗಗಳಲ್ಲೇ ಸಾಗುವುದರಿಂದ ಬ್ರೌಸಿಂಗ್ ಜೋರಾದಾಗ ಒಂದು ಇನ್ನೊಂದನ್ನು ತಡೆಯುವುದುಂಟು; ರೂಟರಿನಲ್ಲಿ 5 ಗಿಗಾಹರ್ಟ್ಸ್ ಇದ್ದರೆ ವೈಫೈಯನ್ನು ಅದಕ್ಕೆ ಬದಲಿಸಿದರೆ ಸಾಕು. ಯೂಟ್ಯೂಬಿನಲ್ಲೇ ಹಾಡು ಕೇಳುವವರ ಕಥೆ ಬೇರೆ, ಅಲ್ಲಿ ಭಾರವಿರುವುದು ವಿಡಿಯೊದಲ್ಲಿ. ಅಲ್ಲಿ ಬಳಕೆಯಾಗುವ ವಿಪಿ9 ಕ್ರಮದ ವಿಡಿಯೊವನ್ನು ಬಿಡಿಸುವ ಯಂತ್ರಾಂಶ ಹಳೆಯ ಕಂಪ್ಯೂಟರುಗಳಲ್ಲಿ ಇಲ್ಲದಿರುವುದರಿಂದ ಪ್ರೊಸೆಸರೇ ಅದನ್ನೆಲ್ಲ ಮಾಡಬೇಕಾಗುತ್ತದೆ. ಕೇಳುವುದಷ್ಟೇ ಉದ್ದೇಶವಾದರೆ ಗುಣಮಟ್ಟವನ್ನು 144ಕ್ಕೆ ಇಳಿಸಬಹುದು. ಅರ್ಧ ಗಂಟೆ ಚೆನ್ನಾಗಿದ್ದು ಆಮೇಲೆ ಹಾಡು ತಡೆಯಲು ಶುರುವಾದರೆ ಶಾಖವನ್ನು ಅನುಮಾನಿಸಬೇಕು; ಮುರಕಲ್ಲಿನ ಕೆಂಪು ಧೂಳು, ಸಮುದ್ರದ ಕಡೆಯ ತೇವ ಎರಡೂ ಸೇರಿ ನಮ್ಮ ಕಡೆಯ ಫ್ಯಾನುಗಳಲ್ಲಿ ಬ್ರಷ್ಷಿಗೂ ಬಿಡದ ಪದರ ಕಟ್ಟುತ್ತವೆ, ಬಿಸಿ ಏರಿದಾಗ ಪ್ರೊಸೆಸರು ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ.

ಇನ್ನು, ಮೆಮೊರಿಯೇ ನಿಜವಾದ ಕಾರಣವಾಗಿರುವ ಸಂದರ್ಭಗಳು ಇಂದಿಗೂ ಬಹಳ ಇವೆ. ಕ್ರೋಮಿನೊಳಗೆ ಶಿಫ್ಟ್ ಮತ್ತು ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಅದರದೇ ಟಾಸ್ಕ್ ಮ್ಯಾನೇಜರ್ ತೆರೆದುಕೊಂಡು, ಯಾವ ಟ್ಯಾಬ್ ಎಷ್ಟು ನುಂಗಿದೆ ಎಂಬುದನ್ನು ತೋರಿಸುತ್ತದೆ. ಗಿರಾಕಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದನ್ನು ತೋರಿಸುವುದು ನನಗೆ ಇಷ್ಟ, ಏಕೆಂದರೆ ಅರ್ಧದಷ್ಟು ಮಂದಿ ಬೇಡದ ಎಕ್ಸ್‌ಟೆನ್ಷನ್‌ಗಳನ್ನು ತಾವೇ ತೆಗೆದು ರ‍್ಯಾಮ್ ಕೊಳ್ಳದೆ ಮರಳುತ್ತಾರೆ. ವ್ಯಾಪಾರಕ್ಕೆ ಅದರಿಂದ ನಷ್ಟವೇ ಇರಬಹುದು, ಆದರೆ ಅವರು ನನ್ನ ಮಾತನ್ನು ನಂಬುತ್ತಾರೆ.

ಈಗ ಅಂಗಡಿಗೆ ಬರುವ ಪ್ರತಿ ಕಂಪ್ಯೂಟರಿನ ಚೀಟಿಯಲ್ಲಿ ಎರಡು ಸಾಲುಗಳನ್ನು ಹೆಚ್ಚುವರಿಯಾಗಿ ಬರೆದುಕೊಳ್ಳುತ್ತೇನೆ: ಹಾಡು ಇರುವುದು ಎಲ್ಲಿ, ತಡೆಯುವುದು ಏನು ಮಾಡುವಾಗ. ಪರೀಕ್ಷೆಗೆ ಅವರದೇ ಕಡತವನ್ನು ಅವರದೇ ಜಾಗದಿಂದ ನುಡಿಸುತ್ತೇನೆ, ಅದಕ್ಕೂ ಮೊದಲು ಡಿಸ್ಕಿನ ಎಣಿಕೆಗಳನ್ನು ನೋಡಿ ಸಿ5 ಸೊನ್ನೆಯಲ್ಲದಿದ್ದರೆ ಉಳಿದೆಲ್ಲವನ್ನೂ ನಿಲ್ಲಿಸಿ ನಕಲು ತೆಗೆಯುತ್ತೇನೆ. ಮಾಷ್ಟ್ರ ಕಂಪ್ಯೂಟರಿಗೆ ಎಸ್ಎಸ್‌ಡಿ ಹಾಕಿಕೊಟ್ಟು, ರ‍್ಯಾಮಿನ ಹಣವನ್ನು ಅದರ ಲೆಕ್ಕದಲ್ಲಿ ಕಳೆದೆ. ಪ್ರಸಂಗಗಳ ಎರಡು ನಕಲುಗಳಲ್ಲಿ ಒಂದು ಅವರ ಮನೆಯಲ್ಲಿದೆ, ಇನ್ನೊಂದು ನೀರ್ಚಾಲಿನಲ್ಲಿರುವ ಮಗಳ ಮನೆಯಲ್ಲಿದೆ. ಅರ್ಧಕ್ಕೆ ನಿಂತ ಪ್ರಸಂಗವನ್ನೂ ಅವರು ಅಳಿಸಲು ಬಿಡಲಿಲ್ಲ. ಆ ಕೂಟಕ್ಕೆ ಬೇರೆ ಯಾರಾದರೂ ಟೇಪ್ ರೆಕಾರ್ಡರ್ ತಂದಿದ್ದರೇ ಎಂದು ಹಳೆಯ ಗೆಳೆಯರಲ್ಲಿ ಈಗಲೂ ವಿಚಾರಿಸುತ್ತಿದ್ದಾರೆ.